ವಾಗ್ವಿಲಾಸಿನಿಗೆ ವಯಸ್ಸೆಷ್ಟು

ಕೃಷ್ಣಾನಂದ ಐತಾಳರು ಬ್ಯಾಂಕಿನ ಇನ್‌ಸ್ಪೆಕ್ಷನ್ ವಿಭಾಗದಿಂದ ನಿವೃತ್ತರಾಗಿ ನಲವತ್ತು ದಿನ ಆಗಿತ್ತು. ಅಷ್ಟರಲ್ಲೇ ಮಟ್ಟಾಂಚೇರಿಯ ತಮ್ಮ ಮನೆಯ ಅಡುಗೆಕೋಣೆಯನ್ನು ಮೂರು ಸಲ ತಪಾಸಣೆ ಮಾಡಿ ಮುಗಿಸಿದ್ದರು. ಸಾಸಿವೆ ಡಬ್ಬದಲ್ಲಿ ಮೆಂತೆ ಇದೆ. ಮೆಂತೆ ಡಬ್ಬದಲ್ಲಿ ಜೀರಿಗೆ ಇದೆ. ಜೀರಿಗೆ ಡಬ್ಬದಲ್ಲಿ ಸೇಫ್ಟಿ ಪಿನ್ನುಗಳಿವೆ. ಇಷ್ಟನ್ನೂ ಕ್ರಮಸಂಖ್ಯೆ ಹಾಕಿ ಬರೆದು, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಕೆಳಗೆ ಸಹಿ ಬೇರೆ ಮಾಡಿದ್ದರು. ಹೆಂಡತಿ ಕಣ್ಣು ಮುಚ್ಚಿ ಕೈ ಹಾಕಿದರೂ ಬೇಕಾದದ್ದೇ ಸಿಗುತ್ತದೆ ಎಂಬ ಮುಖ್ಯ ವಿಷಯ ಮಾತ್ರ ಆ ವರದಿಯಲ್ಲಿ ಇರಲಿಲ್ಲ.

ಹೆಂಡತಿ ವಿಜಯಾ ಟೀಚರು ಕಾಸರಗೋಡಿನ ಕಡೆಯವರು. ಮಟ್ಟಾಂಚೇರಿಯ ವಾಗ್ವಿಲಾಸಿನಿ ಸಂಸ್ಕೃತ ಹೈಸ್ಕೂಲಿನಲ್ಲಿ ಇಪ್ಪತ್ತೊಂಬತ್ತು ವರ್ಷ ಪಾಠ ಮಾಡಿ, ಈಗ ಅಲ್ಲೇ ಹೆಡ್‌ಮಿಸ್ಟ್ರೆಸ್ ಆಗಿದ್ದರು. ನಾಲ್ಕನೇ ತಪಾಸಣೆಗೆ ಗಂಡ ಸ್ಟೂಲು ಹುಡುಕುವುದನ್ನು ಕಂಡು ಅವರ ತಾಳ್ಮೆ ತಪ್ಪಿತು.

"ಮಾರಾಯ್ರೆ, ನಿಮ್ಮ ಕೈಗೆ ಎಂತಾದ್ರೂ ಕೆಲಸ ಕೊಡದಿದ್ರೆ ನನಗೆ ಹುಚ್ಚು ಹಿಡೀತದೆ. ನಮ್ಮ ಶಾಲೆಯ ಚರಿತ್ರೆ ಬರೀರಿ. ನೂರೈವತ್ತು ವರ್ಷದ ಚರಿತ್ರೆ. ಮೇ ತಿಂಗಳಲ್ಲಿ ತಿರುವನಂತಪುರದಲ್ಲಿ ಕೊಡ್ಲಿಕ್ಕುಂಟು."

ಕೊಡಲಿಕ್ಕಿದ್ದದ್ದು ಸುಮ್ಮನೆ ಅಲ್ಲ. ಆ ವರ್ಷ ಒಂದು ಆದೇಶ ಬಂದಿತ್ತು: ಎಪ್ಪತ್ತೈದು ಮಕ್ಕಳಿಲ್ಲದ ಹೈಸ್ಕೂಲುಗಳನ್ನು ಹತ್ತಿರದ ದೊಡ್ಡ ಶಾಲೆಗೆ ಸೇರಿಸಿಬಿಡುವುದು, ನೂರು ವರ್ಷ ದಾಟಿದ ಶಾಲೆಗಳಿಗೆ ಮಾತ್ರ ವಿನಾಯಿತಿ. ಜೂನ್ ತಿಂಗಳಲ್ಲಿ ಶಾಲೆ ತೆರೆದ ಆರನೇ ದಿನ ಕೇರಳದ ಎಲ್ಲ ಶಾಲೆಗಳಲ್ಲೂ ತಲೆ ಎಣಿಸುತ್ತಾರೆ. ಆ ದಿನ ಎಷ್ಟು ತಲೆ ಇದೆಯೋ ಅಷ್ಟೇ ಲೆಕ್ಕ. ಏಳನೇ ದಿನ ಇಂದ್ರ ಚಂದ್ರರು ಬಂದು ಬೆಂಚಿನ ಮೇಲೆ ಕೂತರೂ ಕೇಳುವವರಿಲ್ಲ. ವಾಗ್ವಿಲಾಸಿನಿಯಲ್ಲಿ ಇದ್ದದ್ದು ಅರುವತ್ತೊಂದು ಮಕ್ಕಳು. ವಿಜಯಾ ಟೀಚರ ನಿವೃತ್ತಿಗೆ ಇನ್ನು ಒಂದೇ ವರ್ಷ. 'ಬಾಗಿಲು ಹಾಕಿದ ಹೆಡ್‌ಮಿಸ್ಟ್ರೆಸ್' ಅನ್ನಿಸಿಕೊಂಡು ಮನೆಗೆ ಬರುವುದಕ್ಕಿಂತ ಕೊಚ್ಚಿಯ ಕಾಯಲಿಗೆ ಹಾರುವುದು ಮೇಲು ಎಂದು ಅವರು ಎರಡು ಸಲ ಹೇಳಿಯಾಗಿತ್ತು. ಅವರಿಗೆ ಈಜು ಚೆನ್ನಾಗಿ ಬರುತ್ತಿದ್ದುದರಿಂದ ಐತಾಳರು ಅದಕ್ಕೆ ಹೆದರಲಿಲ್ಲ. ಆದರೆ ಆ ಮಾತು ಹೇಳುವಾಗ ಹೆಂಡತಿಯ ಗಲ್ಲ ನಡುಗಿದ್ದನ್ನು ನೋಡಿದ್ದರು.

ಐತಾಳರು ಬರೆದರು. ಹೇಗೆ ಬರೆದರು ಅಂತೀರಿ? ಮೂವತ್ತನಾಲ್ಕು ವರ್ಷ ಬ್ಯಾಂಕಿನ ಶಾಖೆಗಳ ತಪಾಸಣಾ ವರದಿ ಬರೆದ ಕೈ ಅದು. 'ಸ್ಥಾಪಕರು: ಮುಲ್ಕಿ ಮೂಲದ ಪಂಡಿತ ಶ್ರೀಹರಿ ಉಪಾಧ್ಯಾಯರು. ಭಾವಚಿತ್ರದ ಗಾಜು ಒಡೆದಿದೆ, ಸೂಕ್ತ ಕ್ರಮ ಕೈಗೊಳ್ಳಬೇಕು. ಗುರುಪರಂಪರೆ: ಹದಿಮೂರು ಹೆಡ್‌ಮಾಸ್ತರರು, ಅದರಲ್ಲಿ ನಾಲ್ವರಿಗೆ ಸೇರಿದ ತಾರೀಕು ಇಲ್ಲ, ಇಬ್ಬರಿಗೆ ಬಿಟ್ಟ ತಾರೀಕು ಇಲ್ಲ, ಒಬ್ಬರಿಗೆ ಹೆಸರೇ ಇಲ್ಲ.'

"ಇದೆಂತ ಚರಿತ್ರೆಯಾ, ಪೊಲೀಸ್ ಸ್ಟೇಷನ್ನಿನ ಪಂಚನಾಮೆಯಾ?" ಎಂದರು ಟೀಚರು.

"ಸತ್ಯ ಬರೀಬೇಕಲ್ಲ ಮಾರಾಯ್ತಿ."

"ಸತ್ಯವನ್ನು ಸ್ವಲ್ಪ ಎಣ್ಣೆ ಹಾಕಿ ಒಗ್ಗರಣೆ ಕೊಟ್ಟು ಬರೀರಿ."

ಎಣ್ಣೆ ಹಾಕಬಹುದಿತ್ತು, ಆದರೆ ಮೂಲ ದಾಖಲೆಯೇ ಸಿಗಲಿಲ್ಲ. ಶಾಲೆಯ ಬಾಗಿಲಿನ ಮೇಲಿನ ಕಲ್ಲಿನಲ್ಲಿ ಕನ್ನಡ ಅಕ್ಷರದಲ್ಲಿ 'ಯುವ ಸಂವತ್ಸರದ ವಿಜಯದಶಮಿ' ಎಂದು ಕೆತ್ತಿತ್ತು, ಅಷ್ಟೆ. ನಮ್ಮ ಸಂವತ್ಸರಗಳ ಕಥೆ ಗೊತ್ತಲ್ಲ: ಅರುವತ್ತು ಹೆಸರು, ಅರುವತ್ತು ವರ್ಷ ಕಳೆದರೆ ಮತ್ತೆ ಅದೇ ಹೆಸರು ಸುತ್ತಿಕೊಂಡು ಬರುತ್ತದೆ. ಯುವ ಸಂವತ್ಸರ ಮೂವತ್ತು ವರ್ಷದ ಹಿಂದೆಯೂ ಬಂದಿತ್ತು, ತೊಂಬತ್ತು ವರ್ಷದ ಹಿಂದೆಯೂ ಬಂದಿತ್ತು, ನೂರೈವತ್ತು ವರ್ಷದ ಹಿಂದೆಯೂ ಬಂದಿತ್ತು. ಮಲಯಾಳಿಗಳಾಗಿದ್ದರೆ ಅಚ್ಚುಕಟ್ಟಾಗಿ ತಮ್ಮ ಕೊಲ್ಲಂ ವರ್ಷದ ಅಂಕೆ ಕೆತ್ತಿಸುತ್ತಿದ್ದರು. ಕರಾವಳಿಯ ಪಂಡಿತರಿಗೆ ಅಂಕೆ ಯಾಕೆ, ಹೆಸರಿದೆಯಲ್ಲ! ಹಿಂದೆ ಯಾರೋ ಒಬ್ಬ ಹೆಡ್‌ಮಾಸ್ತರರು ಅದನ್ನು ಓದಿ 1875 ಎಂದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಹಾಗೆ, ಆಮೇಲೆ ಬಂದವರೆಲ್ಲ ಅದನ್ನೇ ಲೆಟರ್‌ಹೆಡ್ಡಿನಲ್ಲಿ ಅಚ್ಚು ಹಾಕಿಸಿದರು. ವಿಜಯದಶಮಿಯ ನೂರೈವತ್ತರ ಉತ್ಸವಕ್ಕೆ ಫ್ಲೆಕ್ಸಿನ ಡಿಸೈನೂ ಆಗಿತ್ತು.

ಮೇ ತಿಂಗಳಲ್ಲಿ ವಿಚಾರಣೆಗೆ ಕರೆ ಬಂತು. ಗಂಡ ಹೆಂಡತಿ ಎರಡು ದಿನ ಮೊದಲೇ ತಿರುವನಂತಪುರಕ್ಕೆ ಹೋಗಿ ಪಕ್ಕದ ತುಂಬ ಎಂಬ ಊರಿನಲ್ಲಿ ಉಳಿದುಕೊಂಡರು. ಅಲ್ಲಿ ಐತಾಳರ ತಂಗಿಯ ಮಗಳು ಕೃಪಾ ಬಾಹ್ಯಾಕಾಶ ಕೇಂದ್ರದಲ್ಲಿ ಕೆಲಸಕ್ಕಿದ್ದಳು. ಟೀಚರು ಕೃಪಾಳ ಮನೆಯ ಕನ್ನಡಿಯ ಎದುರು ನಿಂತು ಭಾಷಣ ಅಭ್ಯಾಸ ಮಾಡುತ್ತಿದ್ದಾಗ, ಐತಾಳರು ಇಲಾಖೆಯ ಹಳೆ ಕಡತಗಳ ಕೋಣೆಗೆ ಹೋದರು. ಯಾರೂ ಹೇಳಿರಲಿಲ್ಲ. ಮೂಲ ದಾಖಲೆ ನೋಡದೆ ಚರಿತ್ರೆಗೆ ಸಹಿ ಹಾಕುವುದು ಅವರ ಜಾಯಮಾನವಲ್ಲ, ಅಷ್ಟೆ.

ಸೀನಿ ಸೀನಿ ಮೂಗು ಕೆಂಪಾದ ಮೇಲೆ, ಮಧ್ಯಾಹ್ನದ ಹೊತ್ತಿಗೆ ಕಡತ ಸಿಕ್ಕಿತು. ಕೊಚ್ಚಿ ರಾಜ್ಯದ ಕಾಲದ ಕಾಗದ, ಶಾಲೆಯ ಮಾನ್ಯತೆಗೆ ಶ್ರೀಹರಿ ಉಪಾಧ್ಯಾಯರು ಬರೆದ ಮಲಯಾಳಂ ಅರ್ಜಿ. ಐತಾಳರ ಕಣ್ಣು ಮೊದಲು ಹೋಗುವುದು ಅಂಕೆಗೆ. ಕೊಲ್ಲಂ ವರ್ಷ 1111. ಮನಸ್ಸಿನಲ್ಲೇ ಲೆಕ್ಕ ಹಾಕಿದರು: 1935. ಮತ್ತೆ ಹಾಕಿದರು. ಕಾಗದದಲ್ಲಿ ಬರೆದು ಹಾಕಿದರು. ಎಷ್ಟು ಸಲ ಹಾಕಿದರೂ ವಾಗ್ವಿಲಾಸಿನಿಗೆ ವಯಸ್ಸು ತೊಂಬತ್ತು!

"ಅಯ್ಯೋ ದೇವರೇ," ಎಂದು ಅವರು ಗಟ್ಟಿಯಾಗಿಯೇ ಅಂದರು. ಕಡತ ಕೊಟ್ಟ ಗುಮಾಸ್ತ ಓಡಿ ಬಂದು "ಎಂದಾ ಸಾರೇ, ಪಾಂಬಾ?" ಎಂದು ಕೇಳಿದ. ಹಾವಾಗಿದ್ದರೆ ಒಂದು ಕೋಲು ತಂದರೆ ಆಗುತ್ತಿತ್ತು. ಐತಾಳರು ಅರ್ಜಿಯ ನಕಲು ಮಾಡಿಸಿಕೊಂಡು, ಚೀಲದಲ್ಲಿ ಮೈ ಒರೆಸುವ ಬೈರಾಸಿನ ಅಡಿಯಲ್ಲಿ ಹುಗಿದು ತುಂಬಕ್ಕೆ ಬಂದರು.

ಸಂಜೆ ಚಹಾ ಕುಡಿಯುವಾಗ ಹೇಳೋಣ ಎಂದುಕೊಂಡರು. ಟೀಚರು ನೀಲಿ ರೇಷ್ಮೆ ಸೀರೆಗೆ ಇಸ್ತ್ರಿ ಹಾಕುತ್ತಾ ಹಾಡು ಗುನುಗುತ್ತಿದ್ದರು. ಮದುವೆಯಾದ ಮೇಲೆ ಅವರು ಗುನುಗಿದ್ದನ್ನು ಐತಾಳರು ಕೇಳಿದ್ದು ಬೆರಳೆಣಿಕೆಯ ಸಲ. "ಮಾರಾಯ್ತಿ, ಒಂದು ವಿಷಯ..." ಎಂದರು.

"ಎಂತ?"

"ಚಹಾಕ್ಕೆ ಸಕ್ಕರೆ ಕಮ್ಮಿ."

ಮಾರನೆಯ ದಿನ ಬೆಳಿಗ್ಗೆ ಅಪ್ಪಂ ಮುರಿಯುತ್ತಾ ಮತ್ತೆ ಪ್ರಯತ್ನಿಸಿದರು. ಈ ಸಲ ಬಾಯಿಗೆ ಬಂದದ್ದು ಕಡಲೆಕರಿಗೆ ಉಪ್ಪು ಜಾಸ್ತಿ ಎಂಬ ಮಾತು. ಕೃಪಾ ಅತ್ತೆಯ ಮುಖ ನೋಡಿದಳು. "ಮಾವ, ನಿಮ್ಮ ಇನ್‌ಸ್ಪೆಕ್ಷನ್ ನಮ್ಮ ಮನೇಲೂ ಸ್ಟಾರ್ಟ್ ಆಯ್ತಾ?" ಎಂದು ನಕ್ಕಳು. ಬಿಸಿ ತುಪ್ಪ ಬಾಯಿಗೆ ಬಿದ್ದ ಹಾಗೆ, ನುಂಗಲೂ ಆಗದು, ಉಗುಳಲೂ ಆಗದು. ಕೊನೆಗೆ ಅದರ ಮರುದಿನ, ವಿಚಾರಣೆಗೆ ಹೊರಟ ಆಟೋದಲ್ಲಿ ಕೂತು ಐತಾಳರು ತೀರ್ಮಾನ ಮಾಡಿದರು: ಬಾಯಿ ಬಿಡುವುದಿಲ್ಲ. ಚೀಲದೊಳಗಿನದು ಚೀಲದೊಳಗೇ ಇರಲಿ. ಕಲ್ಲಿನಲ್ಲಿ ಯುವ ಸಂವತ್ಸರ ಅಂತ ಇದೆ, ನೂರೈವತ್ತು ವರ್ಷದ ಹಿಂದೆಯೂ ಯುವ ಸಂವತ್ಸರವೇ, ಅದರಲ್ಲಿ ಸುಳ್ಳೇನು ಬಂತು? ಹೆಂಡತಿಗಿಂತ ದೊಡ್ಡ ಸತ್ಯ ಯಾವುದು? ಹೀಗೆಲ್ಲ ತಮಗೆ ತಾವೇ ಹೇಳಿಕೊಂಡು ಎದೆ ಗಟ್ಟಿ ಮಾಡಿಕೊಂಡರು.

ವಿಚಾರಣೆ ನಡೆಸುತ್ತಿದ್ದ ಅಧಿಕಾರಿಯ ಹೆಸರು ನಿರ್ಮಲ. ಮೇಜಿನ ಮೇಲೆ ಕಡತದ ಗುಡ್ಡ, ಬಾಗಿಲಿನ ಹೊರಗೆ ಇನ್ನೂ ಹತ್ತು ಶಾಲೆಗಳ ಹೆಡ್‌ಮಾಸ್ತರರು. ಟೀಚರು ಭಾಷಣ ಶುರು ಮಾಡಿ ಎರಡನೇ ವಾಕ್ಯಕ್ಕೆ ಬರುವಷ್ಟರಲ್ಲಿ ಆಕೆ ಕೈ ಎತ್ತಿದರು.

"ಟೀಚರೇ, ಭಾಷಣ ಬೇಡ. ಸ್ಕೂಲಿಗೆ ವಯಸ್ಸೆಷ್ಟು, ಅದು ಹೇಳಿ."

"ನೂರೈವತ್ತು, ಮೇಡಂ."

"ದಾಖಲೆ?"

ಟೀಚರು ಗಂಡ ಬರೆದ ಚರಿತ್ರೆಯನ್ನು ಮೇಜಿನ ಮೇಲಿಟ್ಟರು. ನಿರ್ಮಲ ಪುಟ ತಿರುವಿದರು, ಒಡೆದ ಗಾಜಿನ ವಿಷಯಕ್ಕೆ ಬಂದಾಗ ಅವರ ತುಟಿ ಸ್ವಲ್ಪ ಅಲುಗಿತು. ತಲೆ ಎತ್ತಿ ಐತಾಳರನ್ನು ನೋಡಿದರು.

"ಸಾರ್ ಬ್ಯಾಂಕಿನ ಇನ್‌ಸ್ಪೆಕ್ಟರ್ ಆಗಿದ್ದವರಲ್ಲವಾ? ನನ್ನ ಅಣ್ಣನೂ ಬ್ಯಾಂಕಿನಲ್ಲಿದ್ದರು. ನಿಮ್ಮ ಹೆಸರು ಕೇಳಿದರೆ ಅವರ ಶಾಖೆಯವರು ರಜೆ ಹಾಕುತ್ತಿದ್ದರಂತೆ. ನಿಮ್ಮಂಥವರು ನೋಡಿದ್ದೀರಿ ಅಂದಮೇಲೆ ನನಗೆ ಬೇರೆ ದಾಖಲೆ ಬೇಡ. 'ಪರಿಶೀಲಿಸಿದ್ದೇನೆ, ಸರಿಯಿದೆ' ಎಂದು ಬರೆದು ಸಹಿ ಹಾಕಿ. ಪಟ್ಟಿಗೆ ಸೇರಿಸುತ್ತೇನೆ."

ಇಷ್ಟು ಸುಲಭ! ಟೀಚರ ಮುಖ ದೀಪ ಹಚ್ಚಿದ ಹಾಗಾಯಿತು. ಅವರು ತಮ್ಮ ಪೆನ್ನನ್ನೇ ತೆಗೆದು, ಮುಚ್ಚಳ ಬಿಚ್ಚಿ, ಗಂಡನ ಕೈಗೆ ಕೊಟ್ಟರು. ಐತಾಳರು ಪೆನ್ನು ಹಿಡಿದರು. ಕೈ ಕಾಗದದ ಹತ್ತಿರ ಹೋಯಿತು. ಅಲ್ಲೇ ನಿಂತಿತು. ಸುಮ್ಮನೆ ಕೂರು ಎಂದು ಅವರು ನಾಲಿಗೆಗೆ ಎಷ್ಟು ಹೇಳಿದರೂ ನಾಲಿಗೆ ಕೇಳಲಿಲ್ಲ.

"ತೊಂಬತ್ತು," ಎಂದರು.

"ಎಂತ ತೊಂಬತ್ತು?" ಟೀಚರು ಕನ್ನಡದಲ್ಲಿ ಕೇಳಿದರು.

"ಶಾಲೆಗೆ. ನೂರೈವತ್ತಲ್ಲ. ತೊಂಬತ್ತು. ಮೊನ್ನೆ ಕಡತ ನೋಡಿದೆ." ಚೀಲದಿಂದ ಬೈರಾಸು, ನೀರಿನ ಬಾಟಲಿ, ಮಾತ್ರೆಯ ಡಬ್ಬ ಒಂದೊಂದಾಗಿ ಅಧಿಕಾರಿಯ ಮೇಜಿನ ಮೇಲಿಟ್ಟು, ಕೊನೆಗೆ ಆ ನಕಲು ಹೊರತೆಗೆದರು.

ನಿರ್ಮಲ ಅದನ್ನು ಮುಟ್ಟಲೂ ಇಲ್ಲ. "ನೂರಕ್ಕೆ ದಾಖಲೆ ಬೇಕು ಸಾರ್, ತೊಂಬತ್ತಕ್ಕೆ ಯಾರಿಗೆ ಬೇಕು? ನೀವೇ ಇಟ್ಟುಕೊಳ್ಳಿ." ಆಮೇಲೆ ಟೀಚರ ಕಡೆ ತಿರುಗಿ ದನಿ ಇಳಿಸಿ, "ನನ್ನ ಕೈಯಲ್ಲಿ ಏನೂ ಇಲ್ಲ ಟೀಚರೇ. ಆರನೇ ದಿನ ಎಪ್ಪತ್ತೈದು ಮಕ್ಕಳಿದ್ದರೆ ಶಾಲೆ ಇರುತ್ತದೆ. ಇಲ್ಲದಿದ್ದರೆ ಇಲ್ಲ," ಎಂದರು.

ಹೊರಗೆ ಬಂದ ಮೇಲೆ ಟೀಚರು ಬೈಯಲಿಲ್ಲ. ಅದೇ ಭಯ! ಬೈದಿದ್ದರೆ ಐತಾಳರು ತಲೆ ತಗ್ಗಿಸಿ ಕೇಳಿಸಿಕೊಂಡು ಹಗುರಾಗುತ್ತಿದ್ದರು. ಕೋಝಿಕ್ಕೋಡಿನ ರೈಲು ಹತ್ತಿ ಕಿಟಕಿಯ ಪಕ್ಕ ಕೂತ ಟೀಚರು ಕೊಲ್ಲಂ ತನಕ ಕಿಟಕಿ ನೋಡಿದರು. ಕಾಯಂಕುಳಂನಲ್ಲಿ ಪಳಂಪೊರಿ ಮಾರುವವನು ಬಂದಾಗ ಒಂದೇ ಒಂದು ಬಾಳೆಹಣ್ಣಿನ ಬಜ್ಜಿ ಕೊಂಡರು, ಗಂಡನ ಮುಖ ನೋಡಿಕೊಂಡೇ ಪೂರ್ತಿ ತಿಂದರು, ಎಣ್ಣೆ ಕಾಗದವನ್ನು ಮಾತ್ರ ಅವರ ಕೈಗೆ ಕೊಟ್ಟರು. ಐತಾಳರು ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡರು.

"ನಿಮಗೆ ಮೊನ್ನೆಯೇ ಗೊತ್ತಿತ್ತು," ಎಂದರು ಟೀಚರು ಚೆಂಗನ್ನೂರು ದಾಟಿದ ಮೇಲೆ. "ನಾನು ಇಸ್ತ್ರಿ ಹಾಕ್ತಾ ಇದ್ದೆ. ಹೇಳ್ಲಿಕ್ಕೆ ಎಂತ ಕಷ್ಟ ಇತ್ತು ನಿಮಗೆ? ನಾನು ಅಲ್ಲಿ ಮರ್ಯಾದೆ ಕಳ್ಕೊಳ್ಳುದು ತಪ್ತಿತ್ತಲ್ಲ?"

"ಹೇಳದೇ ಇರುವ ಅಂತ ಮಾಡಿದ್ದೆ. ಸಹಿಯನ್ನೂ ಹಾಕುವ ಅಂತಲೇ ಇದ್ದೆ. ಕೈ ಬರ್ಲಿಲ್ಲ."

"ನನಗೋಸ್ಕರವೂ ಬರ್ಲಿಲ್ಲ."

"ನಿನಗೋಸ್ಕರ ಅಂತಲೇ ಅಷ್ಟು ಹತ್ತಿರ ಹೋಯ್ತು. ಬೇರೆಯವರಾಗಿದ್ರೆ ಪೆನ್ನೇ ಮುಟ್ತಿರ್ಲಿಲ್ಲ."

ಟೀಚರು ಸಿಟ್ಟಿನಲ್ಲಿ ಕೈ ಚಾಚಿ, "ಕೊಡಿ ಇಲ್ಲಿ, ನಮ್ಮ ಕತ್ತು ಕೊಯ್ದ ಕಾಗದ ಯಾವುದು ಅಂತ ನೋಡ್ತೇನೆ," ಎಂದು ನಕಲನ್ನು ಕಿತ್ತುಕೊಂಡರು.

ಓದಿದರು. ಕನ್ನಡಕ ಒರೆಸಿಕೊಂಡು ಮೊದಲಿನಿಂದ ಮತ್ತೆ ಓದಿದರು. ಆಮೇಲೆ ಗಂಡನನ್ನು ನೋಡಿದ ನೋಟವೇ ಬೇರೆ.

"ಇದನ್ನು ನೀವು ಓದಿದ್ರಾ?"

"ಓದಿದೆ. ವರ್ಷ 1111, ಮುದ್ರೆ ಸರಿಯಿದೆ, ಸಹಿ ಇದೆ."

"ನಿಮ್ಮ ತಲೆ! ಮಧ್ಯದಲ್ಲಿ ಎಂತ ಬರೆದಿದ್ದಾರೆ ಅಂತ ಓದಿದ್ರಾ?"

ಐತಾಳರು ಓದಿರಲಿಲ್ಲ. ಮೂವತ್ತನಾಲ್ಕು ವರ್ಷದಲ್ಲಿ ಅವರು ಯಾವ ಕಾಗದದ ಮಧ್ಯಭಾಗವನ್ನೂ ಓದಿದವರಲ್ಲ. ಅಂಕೆ, ಮುದ್ರೆ, ಸಹಿ, ಅಲ್ಲಿಗೆ ಮುಗಿಯಿತು. ಟೀಚರು ಮಲಯಾಳಂ ಅರ್ಜಿಯನ್ನು ಕನ್ನಡ ಮಾಡುತ್ತಾ ಗಟ್ಟಿಯಾಗಿ ಓದಿದರು.

"'ಹನ್ನೆರಡು ವರ್ಷ ಇಲ್ಲಿಯ ದೊಡ್ಡ ಪಾಠಶಾಲೆಯಲ್ಲಿ ಪಂಡಿತನಾಗಿದ್ದೆನು. ಬಂದರಿನ ಹಮಾಲರ, ಬಲೆಗಾರರ ಮಕ್ಕಳು ದಿನವೂ ಕಿಟಕಿಯ ಹೊರಗೆ ನಿಂತು ಪಾಠ ಕೇಳುತ್ತಿದ್ದರು. ಬಿಸಿಲು ಜೋರಿತ್ತು. ಒಳಗೆ ಬನ್ನಿ ಎಂದೆನು. ಅದಕ್ಕಾಗಿ ನನ್ನನ್ನು ಹೊರಗೆ ಹಾಕಿದರು. ಈಗ ಉಪ್ಪಿನ ಗೋದಾಮಿನಲ್ಲಿ ಹನ್ನೊಂದು ಮಕ್ಕಳನ್ನು ಕೂರಿಸಿಕೊಂಡು ಸಂಸ್ಕೃತ ಕಲಿಸುತ್ತಿದ್ದೇನೆ. ದಯಮಾಡಿ ಮಾನ್ಯತೆ ಕೊಡಬೇಕು.'"

ಕೆಳಗೆ ಹನ್ನೊಂದು ಮಕ್ಕಳ ಹೆಸರು, ತಂದೆಯ ಹೆಸರು, ಕಸುಬು, ಓಣಿ. ಮೊದಲನೆಯದು ಒಬ್ಬ ಹುಡುಗಿಯದು: ಕುಂಞಿಪ್ಪಾತು, ವಯಸ್ಸು ಹತ್ತು, ಹಮಾಲಿ ಮೊಯ್ದೀನನ ಮಗಳು, ಕಲ್ವತ್ತಿ.

"ಇಷ್ಟು ವರ್ಷ ನಾವು ಎಂತ ಹೇಳ್ಕೊಂಡು ಬಂದದ್ದು, ಗೊತ್ತುಂಟಾ?" ಎಂದರು ಟೀಚರು. "ನಮ್ಮದು ಹಳೇ ಕಾಲದ ದೊಡ್ಡವರ ಶಾಲೆ ಅಂತ. ಅರುವತ್ತು ವರ್ಷ ಹೆಚ್ಚು ಮಾಡ್ಕೊಂಡು ಮೆರೆದೆವು. ನಿಜವಾದ್ದು ಇದಕ್ಕಿಂತ ಎಷ್ಟು ಒಳ್ಳೇದಿತ್ತು ಮಾರಾಯ್ರೆ!"

ಇಬ್ಬರೂ ಹನ್ನೊಂದು ಹೆಸರುಗಳನ್ನು ಒಂದೊಂದಾಗಿ ಬಿಡಿಸುತ್ತಾ ಕೂತರು. ಈ ಪತ್ರೋಸನ ಮನೆತನದವರು ಈಗ ಫೋರ್ಟ್ ಕೊಚ್ಚಿಯಲ್ಲಿ ಬಲೆ ಎಳೆಯುವವರೇ ಇರಬೇಕು. ಈ ಕೊರಗನ್ ಎಂಬವನ ಓಣಿ ನಮ್ಮ ಮೀನು ಮಾರ್ಕೆಟ್ಟಿನ ಹಿಂದೆ. ತಲೆ ಎತ್ತಿದಾಗ ರೈಲು ನಿಂತಿತ್ತು, ಬೋರ್ಡಿನಲ್ಲಿ ಆಲುವ ಎಂದಿತ್ತು. ಎರ್ನಾಕುಳಂ ಯಾವಾಗ ಬಂತು, ಯಾವಾಗ ಹೋಯಿತು, ಇಬ್ಬರಿಗೂ ಪತ್ತೆಯಿಲ್ಲ. ಚೀಲ ಎಳೆದುಕೊಂಡು ಹಾರಿ ಇಳಿದರು. ವಾಪಸು ಬರಲು ಮೆಟ್ರೋ ಹತ್ತುವ ಮೊದಲು ಟೀಚರೇ ಎರಡು ಪಳಂಪೊರಿ ಕೊಂಡರು; ಒಳಗೆ ತಿನ್ನಬಾರದು ಎಂಬ ಬೋರ್ಡನ್ನು ಐತಾಳರು ತೋರಿಸಿದ್ದಕ್ಕೆ ಅವೂ ಚೀಲದಲ್ಲೇ ತಣ್ಣಗಾದವು.

ನೀವು ಉಸಿರು ಬಿಗಿಹಿಡಿದು ಕೂರುವುದು ಬೇಡ, ಈಗಲೇ ಹೇಳಿಬಿಡುವುದು ಒಳ್ಳೆಯದು: ಜೂನಿನ ಆರನೇ ದಿನ ಇಲಾಖೆಯವರು ಬಂದು ಎಣಿಸಿದಾಗ ವಾಗ್ವಿಲಾಸಿನಿಯಲ್ಲಿ ಎಪ್ಪತ್ತೆಂಟು ಮಕ್ಕಳಿದ್ದರು. ಗಂಡ ಹೆಂಡತಿ ಆ ಪಟ್ಟಿ ಹಿಡಿದು ಇಪ್ಪತ್ತು ದಿನ ಓಣಿ ಓಣಿ ತಿರುಗಿದ್ದರು. ಹನ್ನೊಂದರಲ್ಲಿ ಎಂಟು ಮನೆಗಳ ವಂಶದವರು ಸಿಕ್ಕಿದರು. ಅವರಲ್ಲಿ ಕೆಲವರು ಬೈದು ಕಳಿಸಿದರು, ಕೆಲವರು ಮೀನು ಕೊಟ್ಟು ಕಳಿಸಿದರು, ಉಳಿದವರು ತಮ್ಮ ಮಕ್ಕಳನ್ನೂ ಕೊಟ್ಟರು, ನೆರೆಮನೆಯ ಮಕ್ಕಳನ್ನೂ ಸೇರಿಸಿದರು. ಫ್ಲೆಕ್ಸಿನಲ್ಲಿ ನೂರೈವತ್ತು ಹೋಗಿ ತೊಂಬತ್ತಾಯಿತು. ಹೇಳಬೇಕಾದದ್ದು ಅದಲ್ಲ. ಮೊದಲ ಮನೆಯಲ್ಲಿ ನಡೆದದ್ದು.

ಕಲ್ವತ್ತಿಯ ಆ ಮನೆಯ ಯಜಮಾನಿ ಫಾತಿಮಾ, ಅರುವತ್ತರ ಹತ್ತಿರದ ಹೆಂಗಸು, ಕುಂಞಿಪ್ಪಾತುವಿನ ಮೊಮ್ಮಗಳು. ಕೈಯಲ್ಲಿ ಮೀನು ಕೊಯ್ಯುವ ಕತ್ತಿ ಹಿಡಿದೇ ಬಾಗಿಲಿಗೆ ಬಂದರು. ಹಿಂದಿನಿಂದ ಅವರ ಮೊಮ್ಮಗಳು ಸಫಾ ಇಣುಕಿದಳು.

"ನಮ್ಮ ಮಗು ಇಂಗ್ಲಿಷ್ ಸ್ಕೂಲಿಗೆ ಹೋಗುತ್ತದೆ ಟೀಚರೇ. ಸಂಸ್ಕೃತ ನಮಗೆ ಯಾಕೆ? ಅದು ನಿಮ್ಮವರದ್ದು," ಎಂದರು ಫಾತಿಮಾ.

ಟೀಚರು ಕಾಗದ ತೋರಿಸಿದರು. ಫಾತಿಮಾ ಹೆಸರಿನ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದರು.

"ಇದು ನಮ್ಮ ವಲಿಯುಮ್ಮನದೇ ಹೆಸರು. ಆದರೆ ಅವರು ಶಾಲೆಗೆ ಹೋದದ್ದು ನಮಗೆ ಯಾರಿಗೂ ಗೊತ್ತಿಲ್ಲ. ಹೆಬ್ಬೆಟ್ಟು ಒತ್ತುತ್ತಿದ್ದರು. ಹನ್ನೆರಡಕ್ಕೆ ನಿಕಾಹ್ ಆಗಿತ್ತಂತೆ." ಏನೋ ನೆನಪಾಗಿ ಅವರು ನಕ್ಕರು. "ಬಿಕ್ಕಳಿಕೆಗೆ ಒಂದು ಮಂತ್ರ ಮಾತ್ರ ಗೊತ್ತಿತ್ತು ಅವರಿಗೆ. ಈ ಓಣಿಯವರೆಲ್ಲ ಮಕ್ಕಳನ್ನು ಎತ್ತಿಕೊಂಡು ಅವರ ಹತ್ತಿರ ಬರುತ್ತಿದ್ದರು. ಈಗ ನನ್ನ ಹತ್ತಿರ ಬರುತ್ತಾರೆ. ನನ್ನಿಂದ ಇವಳೂ ಕಲಿತಿದ್ದಾಳೆ."

"ಮಂತ್ರವಾ? ಎಂಥದ್ದು?" ಎಂದರು ಐತಾಳರು.

ಫಾತಿಮಾ ಕತ್ತಿ ಕೆಳಗಿಟ್ಟು, ಕೈ ಒರೆಸಿಕೊಂಡು, ಕಣ್ಣು ಮುಚ್ಚಿ, ಒಂದೇ ರಾಗದಲ್ಲಿ ಶುರು ಮಾಡಿದರು. "ವೃಕ್ಷಃ ವೃಕ್ಷೌ ವೃಕ್ಷಾಃ... ವೃಕ್ಷಂ ವೃಕ್ಷೌ ವೃಕ್ಷಾನ್... ವೃಕ್ಷೇಣ ವೃಕ್ಷಾಭ್ಯಾಂ ವೃಕ್ಷೈಃ..."

ಕೇರಳದಲ್ಲಿ ಸಂಸ್ಕೃತ ಕಲಿಯುವ ಮಗು ಬಾಯಿಪಾಠ ಮಾಡುವ ಮೊದಲ ಪಾಠ ಅದು, ಮರ ಎಂಬ ಶಬ್ದದ ರೂಪಗಳು. ವಿಜಯಾ ಟೀಚರು ಇಪ್ಪತ್ತೊಂಬತ್ತು ವರ್ಷ ಪ್ರತಿ ಜೂನಿನಲ್ಲಿ ಅದನ್ನೇ ಹೇಳಿಸುತ್ತಾ ಬಂದಿದ್ದರು. ಬಾಗಿಲಿನ ಮರೆಯಿಂದ ಸಫಾಳೂ ಅಜ್ಜಿಗೆ ದನಿಗೂಡಿಸಿದಳು. ಒಂದು ಅಕ್ಷರ ತಪ್ಪಿಲ್ಲ.

ಟೀಚರು ಅಳತೊಡಗಿದರು. ಸಣ್ಣಗೆ ಅಲ್ಲ, ಹೊಸಿಲಲ್ಲೇ ಕೂತು, ಸೆರಗು ಬಾಯಿಗೆ ಒತ್ತಿಕೊಂಡು, ಹೋ ಎಂದು ಅತ್ತರು. ಗಾಬರಿಯಾದ ಐತಾಳರು ನೀರಿನ ಬಾಟಲಿ ಹುಡುಕುತ್ತಾ ಚೀಲವನ್ನೆಲ್ಲ ಅಂಗಳದಲ್ಲಿ ಸುರಿದರು. ಅತ್ತು ಅತ್ತು ಟೀಚರಿಗೆ ಬಿಕ್ಕಳಿಕೆ ಹತ್ತಿತು. ನೀರು ಕುಡಿದರು, ಉಸಿರು ಕಟ್ಟಿದರು, ಏನು ಮಾಡಿದರೂ ನಿಲ್ಲಲೊಲ್ಲದು.

"ಅಯ್ಯೋ, ಇಷ್ಟಕ್ಕೆ ಹೆದರುವುದಾ? ಬಾ ಮಗಳೇ ಇಲ್ಲಿ," ಎಂದು ಫಾತಿಮಾ ವಾಗ್ವಿಲಾಸಿನಿ ಸಂಸ್ಕೃತ ಹೈಸ್ಕೂಲಿನ ಹೆಡ್‌ಮಿಸ್ಟ್ರೆಸ್ಸಿನ ಪಕ್ಕ ಕೂತು, ಅವರ ಬೆನ್ನಿನ ಮೇಲೆ ಕೈಯಿಟ್ಟು, ಮೊದಲಿನಿಂದ ಹೇಳತೊಡಗಿದರು. "ನನ್ನ ಜೊತೆ ಹೇಳು. ವೃಕ್ಷಃ ವೃಕ್ಷೌ ವೃಕ್ಷಾಃ..."

ಟೀಚರು ಬಿಕ್ಕುತ್ತಾ ಜೊತೆಗೆ ಹೇಳಿದರು. 'ವೃಕ್ಷಸ್ಯ ವೃಕ್ಷಯೋಃ ವೃಕ್ಷಾಣಾಂ' ಬರುವಷ್ಟರಲ್ಲಿ ಬಿಕ್ಕಳಿಕೆ ನಿಂತಿತ್ತು. ಆದರೂ ಫಾತಿಮಾ ಕೊನೆಯ ಸಾಲು ಮುಗಿಯುವ ತನಕ ಅವರನ್ನು ಏಳಲು ಬಿಡಲಿಲ್ಲ.